ಪ್ಲಾಸ್ಟಿಕ್ ಕಾರ್ ಕಿಟ್‌ಗಳು: ಐವತ್ತು ವರ್ಷದ ಅಚ್ಚು, ಹೊಸ ಪೆಟ್ಟಿಗೆ, ಏರಿದ ಬೆಲೆ

ಪ್ರಶ್ನೆ: ಹಳೆಪೆಟ್ಟಿಗೆ, ಬೆಂಗಳೂರು

ಎಎಂಟಿ, ಎಂಪಿಸಿ, ರೆವೆಲ್ ಮುಂತಾದ ಹೆಸರುಗಳಲ್ಲಿ ಈಗ ಮಾರಾಟವಾಗುತ್ತಿರುವ ಅಮೆರಿಕನ್ ಕಾರ್ ಕಿಟ್‌ಗಳ (ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪುಟ್ಟ ಪ್ಲಾಸ್ಟಿಕ್ ಮಾದರಿಗಳ) ಪಟ್ಟಿಯನ್ನು ತೆರೆದು ನೋಡಿದರೆ ಅದರಲ್ಲಿ ಬಹುಪಾಲು 1960 ಮತ್ತು 1970ರ ದಶಕಗಳ ಕಾರುಗಳೇ ಕಾಣುತ್ತವೆ. ಕಾರು ಹಳೆಯದಾಗಿರುವುದಷ್ಟೇ ಅಲ್ಲ, ಪೆಟ್ಟಿಗೆಯೊಳಗಿನ ಬಿಡಿಭಾಗಗಳು ಸಹ ಅದೇ ಕಾಲದಲ್ಲಿ ಕೊರೆದ ಅಚ್ಚುಗಳಿಂದಲೇ ಬರುತ್ತವೆ ಎಂದು ಈ ಹವ್ಯಾಸದಲ್ಲಿ ನುರಿತವರು ಹೇಳುತ್ತಾರೆ. ಹಾಗಿದ್ದರೆ ಅಚ್ಚಿಗೆ ಹಾಕಿದ ಬಂಡವಾಳ ಎಂದೋ ವಾಪಸಾಗಿರಬೇಕು. ಆದರೂ ಅಮೆರಿಕದಲ್ಲೇ ಒಂದು ಕಿಟ್ಟಿಗೆ 30ರಿಂದ 40 ಡಾಲರ್ ತೆರಬೇಕಾಗಿದೆ, ಅದು ಇಲ್ಲಿಗೆ ಬಂದು ತಲುಪುವ ಹೊತ್ತಿಗೆ ಬೆಲೆ ಇನ್ನೆಲ್ಲಿಗೋ ಹೋಗಿರುತ್ತದೆ.

ಮತ್ತೊಂದು ಕಡೆ, ಇಂದು ರಸ್ತೆಯ ಮೇಲೆ ಓಡುತ್ತಿರುವ ಸಾಮಾನ್ಯ ಕಾರುಗಳ ಕಿಟ್‌ಗಳು ಅಮೆರಿಕನ್ ಕಂಪನಿಗಳಿಂದ ಬರುವುದೇ ಅಪರೂಪವಾಗಿದೆ. ಈ ವ್ಯಾಪಾರ ಮುಗಿಯುತ್ತಾ ಬಂದಿದೆಯೇ ಅಥವಾ ಅದರ ಸ್ವರೂಪ ಬದಲಾಗಿದೆಯೇ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ. ಯಾವ ಕಿಟ್ ಕೊಳ್ಳಬೇಕೆಂಬ ಸಲಹೆ ನನಗೆ ಬೇಕಾಗಿಲ್ಲ. ಹಣದ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯುವ ಆಸೆ.

ಉತ್ತರ 1: ಸರೋವರನಾಡಿಗ, ಮಿಶಿಗನ್

ಡೆಟ್ರಾಯಿಟ್ ಸುತ್ತಲಿನ ವಾಹನೋದ್ಯಮದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಈ ಕಿಟ್‌ಗಳ ಚರಿತ್ರೆ ಊರಿನ ಚರಿತ್ರೆಯೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಈ ವ್ಯಾಪಾರ ಹುಟ್ಟಿದ್ದು ಆಟಿಕೆಯ ಅಂಗಡಿಯಲ್ಲಿ ಅಲ್ಲ, ಕಾರು ಮಾರುವ ಷೋರೂಮಿನಲ್ಲಿ ಎಂಬುದನ್ನು ಮೊದಲು ಗಮನಿಸಬೇಕು. ಡೆಟ್ರಾಯಿಟ್‌ಗೆ ಸಮೀಪದ ಟ್ರಾಯ್ ಊರಿನ ಎಎಂಟಿ ಕಂಪನಿ 1948ರಲ್ಲಿ ಆರಂಭವಾಯಿತು. ಹೆಸರಿನ ಮೊದಲ ಅಕ್ಷರ ಅಲ್ಯೂಮಿನಿಯಂ ಎಂಬುದರದ್ದು, ಏಕೆಂದರೆ ಅವರ ಮೊದಲ ಮಾದರಿಗಳು ಆ ಲೋಹದವು. ಬೇಗನೆ ಪ್ಲಾಸ್ಟಿಕ್ಕಿಗೆ ತಿರುಗಿದ ಈ ಕಂಪನಿ ಮತ್ತು ಅದರ ಪ್ರತಿಸ್ಪರ್ಧಿಯಾದ ಡೆಟ್ರಾಯಿಟ್‌ನ ಜೋ-ಹಾನ್ ತಯಾರಿಸುತ್ತಿದ್ದವು ಪ್ರಚಾರದ ಮಾದರಿಗಳು, ಇಲ್ಲಿಯವರ ಮಾತಿನಲ್ಲಿ 'ಪ್ರೊಮೋ'. ಹೊಸ ವರ್ಷದ ಫೋರ್ಡ್ ಅಥವಾ ಷೆವ್ರೊಲೆ ಬಿಡುಗಡೆಯಾದಾಗ ಗ್ರಾಹಕನಿಗೆ ಕಾರಿನ ಆಕಾರವನ್ನೂ ಬಣ್ಣವನ್ನೂ ಅಂಗೈಯ ಮೇಲಿಟ್ಟು ತೋರಿಸಲು, ಜೊತೆಯಲ್ಲಿ ಬಂದ ಮಗುವಿನ ಕೈಗೆ ಕೊಟ್ಟು ಕಳಿಸಲು ಡೀಲರುಗಳು ಇವನ್ನು ಕೊಳ್ಳುತ್ತಿದ್ದರು. ಅಂದರೆ ಅಚ್ಚಿನ ಖರ್ಚಿನ ದೊಡ್ಡ ಪಾಲು ಕಾರು ಕಂಪನಿಗಳ ಕಡೆಯ ಬೇಡಿಕೆಯಿಂದಲೇ ಗಿಟ್ಟುತ್ತಿತ್ತು, ಕಾರಿನ ನಕ್ಷೆಗಳೂ ಬಿಡುಗಡೆಗೆ ಮುಂಚೆಯೇ ಮಾದರಿ ತಯಾರಕರ ಕೈಸೇರುತ್ತಿದ್ದವು. (ಆ ಕಾಲದ ಅಸಿಟೇಟ್ ಪ್ಲಾಸ್ಟಿಕ್ಕಿನ ಪ್ರೊಮೋಗಳು ವರ್ಷ ಕಳೆದಂತೆ ಕುಗ್ಗಿ ಸೊಟ್ಟಗಾಗುತ್ತವೆ, ಸಂಗ್ರಹಕಾರರ ಸಭೆಗಳಲ್ಲಿ ನಡು ಬಾಗಿದ ಷೆವ್ರೊಲೆಗಳ ಸಾಲನ್ನೇ ಕಾಣಬಹುದು.)

1958ರಲ್ಲಿ ಎಎಂಟಿ ಅದೇ ಅಚ್ಚುಗಳನ್ನು ಬಳಸಿ, ಜೋಡಿಸದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ, 'ಮೂರರಲ್ಲಿ ಒಂದು' ಎಂಬ ಕಿಟ್ಟನ್ನು ಮಾರುಕಟ್ಟೆಗೆ ತಂದಿತು. ಕಾರ್ಖಾನೆಯಿಂದ ಬಂದ ರೂಪದಲ್ಲಿ, ಅಲಂಕರಿಸಿ ಮಾರ್ಪಡಿಸಿದ ರೂಪದಲ್ಲಿ, ಇಲ್ಲವೇ ಪಂದ್ಯದ ಕಾರಿನ ರೂಪದಲ್ಲಿ ಹುಡುಗ ಅದನ್ನು ಕಟ್ಟಬಹುದಾಗಿತ್ತು. ಬೆಲೆ ಸುಮಾರು ಒಂದೂವರೆ ಡಾಲರ್. ಪ್ರತಿ ವರ್ಷ ಕಾರು ಬದಲಾದಂತೆ ಕಿಟ್ಟೂ ಬದಲಾಗುತ್ತಿತ್ತು, ಅದಕ್ಕೇ ಅವುಗಳಿಗೆ 'ವಾರ್ಷಿಕ' ಎಂಬ ಹೆಸರು ಬಂತು. 1963ರಲ್ಲಿ ಮೌಂಟ್ ಕ್ಲೆಮೆನ್ಸ್‌ನಲ್ಲಿ ಎಂಪಿಸಿ ಹುಟ್ಟಿ ಈ ಪೈಪೋಟಿಗೆ ಸೇರಿಕೊಂಡಿತು. ದೂರದ ಕ್ಯಾಲಿಫೋರ್ನಿಯದ ರೆವೆಲ್, ಷಿಕಾಗೋದ ಮಾನೋಗ್ರಾಂ ಕಂಪನಿಗಳು ಡೀಲರುಗಳ ನಂಟಿಲ್ಲದೆ ಬೇರೆ ದಾರಿಯಲ್ಲಿ ಬೆಳೆದವು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅಂದು ಕಾರು ಕಂಪನಿಯ ಕಡೆಯಿಂದ ಮಾದರಿ ತಯಾರಕನ ಕಡೆಗೆ ಹರಿಯುತ್ತಿದ್ದ ಹಣ ಇಂದು ತಿರುಗಿ ಹರಿಯುತ್ತಿದೆ. ಕಾರಿನ ಹೆಸರು, ಲಾಂಛನ, ಆಕಾರ ಇವೆಲ್ಲ ಬೌದ್ಧಿಕ ಆಸ್ತಿ ಎಂಬ ಅರಿವು ಕಾರು ಕಂಪನಿಗಳ ಕಾನೂನು ವಿಭಾಗಗಳಲ್ಲಿ ಬಲವಾದ ಮೇಲೆ, ಪ್ರತಿ ಪೆಟ್ಟಿಗೆಗೂ ರಾಯಧನ ಕೊಟ್ಟು ಪರವಾನಗಿ ಪಡೆಯಬೇಕಾಯಿತು. ಟೈರಿನ ಮೇಲಿನ ಗುಡ್‌ಇಯರ್ ಎಂಬ ಅಕ್ಷರಕ್ಕೂ, ಡೆಕಾಲಿನ (ಮಾದರಿಗೆ ಅಂಟಿಸುವ ಮುದ್ರಿತ ಚಿತ್ರದ) ಮೇಲಿನ ಎಣ್ಣೆ ಕಂಪನಿಯ ಗುರುತಿಗೂ ಬೇರೆ ಬೇರೆ ಒಪ್ಪಿಗೆ ಬೇಕು. ಕೆಲವು ದಶಕಗಳ ಕಾಲ ಹಳೆಯ ಅಚ್ಚಿನಿಂದ ಮತ್ತೆ ಒತ್ತಿದ ಕಿಟ್‌ಗಳಲ್ಲಿ ಟೈರುಗಳು ಬೋಳಾಗಿ ಬರುತ್ತಿದ್ದುದಕ್ಕೆ ಇದೇ ಕಾರಣ. ಹಳೆಯ ಅಚ್ಚಿನ ಬಂಡವಾಳ ವಾಪಸಾಗಿದೆ ಎಂಬ ನಿಮ್ಮ ಮಾತು ನಿಜ, ಆದರೆ ಪರವಾನಗಿಯ ಖರ್ಚು ಅಚ್ಚು ಹಳೆಯದಾಯಿತೆಂದು ಕಡಿಮೆಯಾಗುವುದಿಲ್ಲ.

ಕಂಪನಿಗಳ ಒಡೆತನವೂ ಕೈಯಿಂದ ಕೈಗೆ ಹೋಯಿತು. ಎಎಂಟಿಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಕಾರುಗಳ ಒಡೆಯನಾದ ಬ್ರಿಟನ್ನಿನ ಲೆಸ್ನಿ ಕೊಂಡಿತು. ಲೆಸ್ನಿ 1982ರಲ್ಲಿ ದಿವಾಳಿಯಾದ ಮೇಲೆ ಅದು ಟ್ರ್ಯಾಕ್ಟರ್ ಮಾದರಿಗಳಿಗೆ ಹೆಸರಾದ ಅಯೋವಾದ ಅರ್ಟಲ್ ಕಂಪನಿಯ ಪಾಲಾಯಿತು. ಎಂಪಿಸಿಯೂ ಅದೇ ದಶಕದಲ್ಲಿ ಅರ್ಟಲ್ ಮನೆ ಸೇರಿತು. ಇಂದು ಆ ಎರಡು ಹೆಸರುಗಳೂ ಇಂಡಿಯಾನಾದ ಸೌತ್ ಬೆಂಡ್‌ನ ರೌಂಡ್ 2 ಕಂಪನಿಯ ಕೈಯಲ್ಲಿವೆ. ರೆವೆಲ್ ಮತ್ತು ಮಾನೋಗ್ರಾಂ 1986ರಲ್ಲಿ ಒಂದಾದವು, 2007ರಲ್ಲಿ ಹಾಬಿಕೋ ಎಂಬ ವಿತರಕ ಸಂಸ್ಥೆಗೆ ಸೇರಿದವು, 2018ರ ಜನವರಿಯಲ್ಲಿ ಹಾಬಿಕೋ ದಿವಾಳಿ ಅರ್ಜಿ ಹಾಕಿದಾಗ ಜರ್ಮನಿಯ ಹೂಡಿಕೆದಾರರ ಕೈಸೇರಿದವು. ರೆವೆಲ್‌ನ ಇಲಿನಾಯಿ ಕಚೇರಿ ಮುಚ್ಚಿತು. ಹೊಲ ಯಾರ ಹೆಸರಿಗಾದರೂ ಆಗಲಿ, ಬೆಳೆ ಬರುತ್ತಲೇ ಇರುವಂತೆ, ಒಡೆಯರು ಎಷ್ಟು ಬದಲಾದರೂ ಅಚ್ಚುಗಳು ಮಾತ್ರ ದುಡಿಯುತ್ತಲೇ ಇವೆ. ಹಾಬಿಕೋ ದಿವಾಳಿಯಲ್ಲಿ ಹರಾಜಾದ ಹಳೆಯ ಅಚ್ಚುಗಳ ದೊಡ್ಡ ರಾಶಿಯನ್ನು ನ್ಯೂಯಾರ್ಕ್ ರಾಜ್ಯದ ಅಟ್ಲಾಂಟಿಸ್ ಎಂಬ ಸಣ್ಣ ಕಂಪನಿ ಕೊಂಡುಕೊಂಡು, ಅವುಗಳಿಂದ ಅಮೆರಿಕದಲ್ಲೇ ಕಿಟ್ ಒತ್ತಿಸಿ ಮಾರುತ್ತಿರುವುದು ಇದಕ್ಕೆ ಸಾಕ್ಷಿ.

ಉತ್ತರ 2: ಅಚ್ಚುಮನೆ, ಪೀಣ್ಯ

ಮೇಲಿನ ಉತ್ತರ ವ್ಯಾಪಾರದ ಮುಖವನ್ನು ಚೆನ್ನಾಗಿ ಹೇಳಿದೆ. ನಾನು ಪ್ಲಾಸ್ಟಿಕ್ ಭಾಗಗಳ ಅಚ್ಚು ತಯಾರಿಸುವ ವೃತ್ತಿಯವನಾದ್ದರಿಂದ ಅಚ್ಚಿನ ಬಗ್ಗೆ ಮಾತ್ರ ಬರೆಯುತ್ತೇನೆ. ಒಂದು ಕಾರಿನ ಕಿಟ್ಟಿನಲ್ಲಿ ನೂರಕ್ಕೂ ಹೆಚ್ಚು ಭಾಗಗಳಿರುವುದು ಸಾಮಾನ್ಯ. ಅವುಗಳಲ್ಲಿ ಹೆಚ್ಚಿನವು ಚಪ್ಪಟೆಯಾಗಿ ಒಂದು ಚೌಕಟ್ಟಿನಲ್ಲಿ ಕೂಡುವಂಥವು, ಅವಕ್ಕೆ ಎರಡು ಪಾಲಿನ ಸರಳ ಅಚ್ಚು ಸಾಕು. ಕಷ್ಟವಿರುವುದು ಕಾರಿನ ಮೈಯಲ್ಲಿ. ವಿಮಾನದ ಮೈಯನ್ನು ಎಡ ಬಲ ಎಂದು ಎರಡು ಹೋಳಾಗಿ ಎರಕ ಹೊಯ್ದು ಅಂಟಿಸಬಹುದು. ಹೊಳೆಯುವ ಕಾರಿನ ಚಾವಣಿಯ ನಡುವೆ ಅಂಟಿನ ಗೆರೆಯನ್ನು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಮೈಯನ್ನು ಒಂದೇ ತುಂಡಾಗಿ ತೆಗೆಯಬೇಕು, ಬಾಗಿಲಿನ ಗೆರೆ, ಚಕ್ರದ ಕಮಾನು, ಮುಂದಿನ ಜಾಲರಿ, ಹಿಂದಿನ ದೀಪ ಇವೆಲ್ಲ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುವುದರಿಂದ ಅಚ್ಚು ನಾಲ್ಕು ಬದಿಗೂ ಜಾರಿ ತೆರೆದುಕೊಳ್ಳಬೇಕು. ಇಂಥ ಸ್ಲೈಡ್ ಅಚ್ಚು ದುಬಾರಿ. ಪೂರ್ಣ ವಿವರದ ಹೊಸ ಕಿಟ್ಟಿನ ಅಚ್ಚುಗಳ ಒಟ್ಟು ಖರ್ಚು ಒಂದು ಲಕ್ಷ ಡಾಲರನ್ನು ದಾಟುವುದು ಮಾಮೂಲು ಸಂಗತಿ.

1960ರ ದಶಕದಲ್ಲಿ ಇದನ್ನು ಕೈಕುಶಲದಿಂದ ಸಾಧಿಸುತ್ತಿದ್ದರು. ಕಿಟ್‌ಗಿಂತ ಹಲವು ಪಟ್ಟು ದೊಡ್ಡದಾದ ಮರದ ಮಾದರಿಯನ್ನು ಕುಶಲಕರ್ಮಿಗಳು ಕೆತ್ತಿ, ಅದರ ರೇಖೆಗಳನ್ನು ಪ್ಯಾಂಟೋಗ್ರಾಫ್ ಯಂತ್ರದ ಸೂಜಿಯಿಂದ ಸವರುತ್ತಾ ಹೋದರೆ, ಯಂತ್ರದ ಇನ್ನೊಂದು ತುದಿ ಅದೇ ಆಕಾರವನ್ನು ಕುಗ್ಗಿಸಿ ಉಕ್ಕಿನಲ್ಲಿ ಕೊರೆಯುತ್ತಿತ್ತು. ಆ ಮೇಲೆ ಗಂಟೆಗಟ್ಟಲೆ ಉಜ್ಜಿ ಹೊಳಪು ಕೊಡುವ ಕೆಲಸ. ಈಗ ನಿಜವಾದ ಕಾರನ್ನೇ ಲೇಸರ್ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ) ಮತ್ತು ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಕೊರೆಯುವ) ಯಂತ್ರಗಳಿಂದ ಕೊರೆಯುತ್ತೇವೆ. ಹೊರಗಿನವರು ತಿಳಿದಿರುವಂತೆ ಸ್ಕ್ಯಾನ್ ಮಾಡಿದ ಕೂಡಲೇ ಕಿಟ್ ಸಿದ್ಧವಾಗುವುದಿಲ್ಲ. ನಿಜವಾದ ಕಾರನ್ನು ಗಣಿತದ ಪ್ರಕಾರ ಇಪ್ಪತ್ತೈದನೇ ಒಂದು ಭಾಗಕ್ಕೆ ಇಳಿಸಿದರೆ ಬಾಗಿಲಿನ ಸಂದು ಕಣ್ಣಿಗೆ ಕಾಣದಷ್ಟು ತೆಳ್ಳಗಾಗುತ್ತದೆ, ತಗಡಿನ ದಪ್ಪವನ್ನು ಪ್ಲಾಸ್ಟಿಕ್ಕಿನಲ್ಲಿ ತುಂಬಲೂ ಆಗುವುದಿಲ್ಲ. ಎಲ್ಲಿ ಉತ್ಪ್ರೇಕ್ಷೆ ಮಾಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಬಲ್ಲ ವಿನ್ಯಾಸಕಾರನ ಕಣ್ಣು ಇಂದಿಗೂ ಬೇಕು. ಕೆಲವು ಹೊಸ ಕಿಟ್‌ಗಳ ಚಾವಣಿ ನೋಡಿದಾಕ್ಷಣ ಚಪ್ಪಟೆ ಎನಿಸುವುದು ಈ ಕಣ್ಣು ಇಲ್ಲದೆ ಕೆಲಸ ಮಾಡಿದ್ದರಿಂದ ಎಂಬುದು ನನ್ನ ಅಭಿಪ್ರಾಯ.

ಹಳೆಯ ಅಚ್ಚುಗಳು ಪುಕ್ಕಟೆ ಎಂದು ಭಾವಿಸುವುದೂ ಸರಿಯಲ್ಲ. ಒಳ್ಳೆಯ ಉಕ್ಕಿನ ಅಚ್ಚು ಲಕ್ಷಗಟ್ಟಲೆ ಒತ್ತುಗಳನ್ನು ತಡೆಯುತ್ತದೆ ಎಂಬುದು ನಿಜ. ಆದರೆ ಅಂಚುಗಳು ಸವೆದಂತೆ ಸಂದಿನಲ್ಲಿ ಪ್ಲಾಸ್ಟಿಕ್ ಹೊರಗೆ ಇಣುಕುತ್ತದೆ, ನಾವು ಅದನ್ನು ಫ್ಲ್ಯಾಷ್ ಎನ್ನುತ್ತೇವೆ. ಗೋದಾಮಿನಲ್ಲಿ ಸುಮ್ಮನೆ ಬಿದ್ದ ಅಚ್ಚಿಗೆ ತುಕ್ಕು ಹಿಡಿಯುತ್ತದೆ. ಒಳಗಿನ ಒಂದು ತುಂಡು ಕಳೆದುಹೋದರೆ ಇಡೀ ಅಚ್ಚು ನಿಂತುಹೋಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ವಾರ್ಷಿಕ ಕಿಟ್‌ಗಳ ಕಾಲದಲ್ಲಿ ಪ್ರತಿ ವರ್ಷ ಹೊಸ ಅಚ್ಚು ಮಾಡುವ ಬದಲು ಹಿಂದಿನ ವರ್ಷದ ಅಚ್ಚನ್ನೇ ತಿದ್ದಿ ಮುಂದಿನ ವರ್ಷದ ಕಾರನ್ನು ಮಾಡುತ್ತಿದ್ದರು. 1970ರ ದಶಕದಲ್ಲಿ ಎಷ್ಟೋ ಅಚ್ಚುಗಳ ಚಕ್ರದ ಕಮಾನುಗಳನ್ನು ಕತ್ತರಿಸಿ ಮಣ್ಣಿನ ಹಾದಿಯ ಪಂದ್ಯದ ಕಾರುಗಳನ್ನಾಗಿ ಮಾರ್ಪಡಿಸಿದರು. ಉಕ್ಕಿನಲ್ಲಿ ಒಮ್ಮೆ ಕೊರೆದು ತೆಗೆದದ್ದನ್ನು ಮತ್ತೆ ತುಂಬುವುದು ಬಲು ಕಷ್ಟ. ಇಂಥ ಅಚ್ಚುಗಳ ಮೈಯನ್ನು ಮಾತ್ರ ಹೊಸದಾಗಿ ಕೊರೆದು, ಉಳಿದ ಭಾಗಗಳನ್ನು ಹಳೆಯದರಿಂದಲೇ ಒತ್ತಿ, ಮೂಲ ಕಿಟ್ಟನ್ನು ಮರಳಿ ತರುವ ಕೆಲಸವನ್ನು ರೌಂಡ್ 2 ಕೆಲವು ವರ್ಷಗಳಿಂದ ಮಾಡುತ್ತಿದೆ. ಪೆಟ್ಟಿಗೆಯ ಚಿತ್ರ 1960ರ ದಶಕದ್ದು, ಒಳಗಿನ ಮೈ ನಮ್ಮ ಕಾಲದ್ದು. ನಿಮ್ಮ 'ಹಳೆಯ ಅಚ್ಚು' ಎಂಬ ಲೆಕ್ಕ ಅಲ್ಲಿ ಹೊಂದುವುದಿಲ್ಲ.

ಉತ್ತರ 3: ಮಡಿಕೆರೆ ಮೋಟಾರು, ಮೈಸೂರು

ಇಲ್ಲಿಯವರೆಗಿನ ಚರ್ಚೆ ಅಮೆರಿಕದ ಸುತ್ತಲೇ ತಿರುಗಿರುವುದರಿಂದ ಇಡೀ ಉದ್ಯಮವೇ ಹಳಬರ ನೆನಪಿನ ಮೇಲೆ ನಿಂತಿದೆ ಎಂಬ ಭಾವನೆ ಬರುತ್ತಿದೆ. ನಾನು ಇದನ್ನು ಒಪ್ಪುವುದಿಲ್ಲ. ಜಪಾನಿನ ಷಿಜುಓಕ ಪ್ರಾಂತ್ಯವನ್ನು ನೋಡಬೇಕು. ತಮಿಯಾ, ಅಓಷಿಮಾ, ಫುಜಿಮಿ ಷಿಜುಓಕ ನಗರದಲ್ಲಿ, ಹಸೆಗಾವಾ ಪಕ್ಕದ ಯಾಇಜುವಿನಲ್ಲಿ, ಬಂದಾಯ್ ಕಂಪನಿಯ ಮಾದರಿ ಕಾರ್ಖಾನೆಯೂ ಅಲ್ಲೇ. ಮರಗೆಲಸಕ್ಕೆ ಹೆಸರಾದ ಸೀಮೆ ಅದು. ತಮಿಯಾ ಕೂಡ 1946ರಲ್ಲಿ ಶುರುವಾದದ್ದು ಮರದ ವ್ಯಾಪಾರವಾಗಿ. ಮರದ ಮಾದರಿಗಳಿಂದ ಪ್ಲಾಸ್ಟಿಕ್ಕಿಗೆ ಬಂದದ್ದು 1960ರಲ್ಲಿ.

ಅಚ್ಚಿನ ಬಂಡವಾಳವನ್ನು ಹೇಗೆ ದುಡಿಸಬೇಕು ಎಂಬುದಕ್ಕೆ ತಮಿಯಾದ ಒಂದು ಪ್ರಸಂಗವನ್ನು ಹೇಳಲೇಬೇಕು. 1:12 ಅಳತೆಯ (ನಿಜವಾದ ಕಾರಿನ ಹನ್ನೆರಡನೇ ಒಂದು ಭಾಗದ) ಪೋರ್ಷೆ 934 ಕಿಟ್ ತಯಾರಿಸುವಾಗ ಷುನ್ಸಾಕು ತಮಿಯಾ ಅವರು ಒಂದು ಪೋರ್ಷೆ 911 ಕಾರನ್ನೇ ಕೊಂಡು, ಬಿಚ್ಚಿ, ಭಾಗ ಭಾಗವಾಗಿ ಅಳೆಸಿದರು. ಕಿಟ್ ಹೊರಬಂದದ್ದು 1976ರಲ್ಲಿ. ಖರ್ಚು ವಿಪರೀತವಾಗಿದ್ದರಿಂದ, ಅದೇ ಮೈಯನ್ನು ಮೋಟಾರು ಅಳವಡಿಸಿದ ಚಾಸಿಯ ಮೇಲಿಟ್ಟು ರೇಡಿಯೋ ನಿಯಂತ್ರಣದ ಕಾರನ್ನಾಗಿಯೂ ಮಾರಿದರು. ತಮಿಯಾದ ರೇಡಿಯೋ ನಿಯಂತ್ರಣದ ಕಾರುಗಳ ದೊಡ್ಡ ವ್ಯಾಪಾರ ಹೀಗೆ ಒಂದು ಕಿಟ್ಟಿನ ಖರ್ಚನ್ನು ತುಂಬಿಕೊಳ್ಳುವ ಯೋಚನೆಯಿಂದ ಆರಂಭವಾಯಿತು. ಅಮೆರಿಕದವರು ಕಿಟ್ಟನ್ನು ಒಂದು ಋತುವಿನ ಸರಕೆಂದು ತಿಳಿದರು. ಷಿಜುಓಕದವರು ಅದನ್ನು ದಶಕಗಳ ಕಾಲ ಪಟ್ಟಿಯಲ್ಲಿ ಉಳಿಯಬೇಕಾದ ಸರಕೆಂದು ಬಗೆದು, ಅಚ್ಚನ್ನು ಕೆಡಿಸದೆ ಇಟ್ಟುಕೊಂಡರು. ನಿಖರತೆಗಿಂತಲೂ ಈ ಎಚ್ಚರವೇ ಅವರನ್ನು ಉಳಿಸಿತು ಎಂದು ನನಗನಿಸುತ್ತದೆ.

ಪರವಾನಗಿಯ ಕಾಟ ಅವರಿಗೂ ತಪ್ಪಿಲ್ಲ. ತಂಬಾಕಿನ ಜಾಹೀರಾತಿನ ಮೇಲಿನ ನಿರ್ಬಂಧಗಳಿಂದಾಗಿ ಮೆಕ್‌ಲಾರೆನ್ ಫಾರ್ಮುಲಾ ಒನ್ ಕಾರಿನ ಪೆಟ್ಟಿಗೆಯಲ್ಲಿ ಮಾರ್ಲ್‌ಬರೊ ಸಿಗರೇಟಿನ ಡೆಕಾಲ್ ಇರುವುದಿಲ್ಲ. ಅದನ್ನು ಬೇರೆ ಸಣ್ಣ ತಯಾರಕರಿಂದ ಪ್ರತ್ಯೇಕವಾಗಿ ಕೊಳ್ಳಬೇಕು. ಒಂದು ಕಿಟ್ಟಿನ ಸುತ್ತ ಡೆಕಾಲ್, ಹಿತ್ತಾಳೆಯ ತೆಳು ತಗಡಿನ ವಿವರಗಳು, ರೆಸಿನ್ (ಗಟ್ಟಿಯಾಗಿಸಿದ ರಾಳ) ಚಕ್ರಗಳು ಎಂದು ಸಣ್ಣಪುಟ್ಟ ಉದ್ಯಮಗಳ ಒಂದು ಸಂತೆಯೇ ಬೆಳೆದಿದೆ, ಎಷ್ಟೋ ಸಲ ಅವುಗಳ ಒಟ್ಟು ಬೆಲೆ ಕಿಟ್ಟಿನ ಬೆಲೆಯನ್ನು ಮೀರುತ್ತದೆ.

ಹೊಸಬರಿಗಾಗಿಯೂ ಕೆಲಸ ನಡೆದಿದೆ. ಅಓಷಿಮಾ ಕಂಪನಿಯ 1:32 ಅಳತೆಯ ಸ್ನ್ಯಾಪ್ ಕಿಟ್‌ಗಳಿಗೆ ಅಂಟೂ ಬೇಡ, ಬಣ್ಣವೂ ಬೇಡ. ಪ್ಲಾಸ್ಟಿಕ್ಕೇ ಕಾರಿನ ಬಣ್ಣದಲ್ಲಿ ಬರುತ್ತದೆ. ಆ ಸಾಲಿನಲ್ಲಿ ಸುಜುಕಿ ಜಿಮ್ನಿಯೂ ಇದೆ, ಅಂದರೆ ಇಂದಿನ ಕಾರುಗಳ ಕಿಟ್ ಬರುವುದಿಲ್ಲ ಎಂಬ ಮಾತು ಅಮೆರಿಕಕ್ಕೆ ಹೆಚ್ಚು ಸಲ್ಲುತ್ತದೆ. ಚೀನಾದ ಮೆಂಗ್, ಟ್ರಂಪೆಟರ್ ಕಂಪನಿಗಳು ಫೋರ್ಡ್ ಜಿಟಿ40ಯಂಥ ಕಾರನ್ನು 1:12ರ ದೊಡ್ಡ ಅಳತೆಯಲ್ಲಿ ಹೊರತಂದಿವೆ. ಬೆಲ್ಜಿಯಂನ ಬೆಲ್‌ಕಿಟ್ಸ್ ರ‍್ಯಾಲಿ ಕಾರುಗಳನ್ನೇ ನೆಚ್ಚಿಕೊಂಡಿದೆ. ಮುಗಿಯುತ್ತಿರುವ ವ್ಯಾಪಾರದ ಲಕ್ಷಣ ಇದಲ್ಲ.

ಉತ್ತರ 4: ಸರೋವರನಾಡಿಗ, ಮಿಶಿಗನ್

ಮೈಸೂರಿನವರ ಮಾತಿನಲ್ಲಿ ತೂಕವಿದೆ, ಆದರೂ ಒಂದು ಅಂಶವನ್ನು ಸೇರಿಸಬೇಕು. 1963ರ ಒಂದೂವರೆ ಡಾಲರನ್ನು ಇಂದಿನ ಬೆಲೆಗೆ ತಂದರೆ ಸುಮಾರು 15 ಡಾಲರ್ ಆಗುತ್ತದೆ. ಅಂದರೆ ಹಣದುಬ್ಬರವನ್ನು ಕಳೆದ ಮೇಲೂ ಕಿಟ್ಟಿನ ಬೆಲೆ ಸುಮಾರು ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಆಗಿದೆ. ಇದಕ್ಕೆ ದುರಾಸೆಯೇ ಕಾರಣ ಎಂದು ಹಲವರು ಇಲ್ಲಿಯ ಅಂಗಡಿಗಳಲ್ಲಿ ಗೊಣಗುತ್ತಾರೆ. ನಿಜವಾದ ಕಾರಣ ಮಾರಾಟವಾಗುವ ಸಂಖ್ಯೆಯಲ್ಲಿದೆ. ಅಂದು ಕಿಟ್‌ಗಳು ಬೀದಿಯ ಮೂಲೆಯ ಔಷಧಿ ಅಂಗಡಿಯಲ್ಲೂ ಸಿಗುತ್ತಿದ್ದವು, ಕೊಳ್ಳುವವನು ಹನ್ನೆರಡು ವರ್ಷದ ಹುಡುಗ, ಕೆಟ್ಟರೆ ಮುಂದಿನ ವಾರ ಇನ್ನೊಂದು ಕೊಳ್ಳುತ್ತಿದ್ದ. ಇಂದು ಕೊಳ್ಳುವವನು ಅದೇ ಹುಡುಗ, ವಯಸ್ಸು ಮಾತ್ರ ಎಪ್ಪತ್ತು ದಾಟಿದೆ. ಅವನು ಒಂದು ಕಿಟ್ಟಿಗೆ ತಿಂಗಳುಗಟ್ಟಲೆ ಸಮಯ ಕೊಡುತ್ತಾನೆ, ಇಲ್ಲವೇ ಕಟ್ಟದೆ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾನೆ. ಒಂದು ಒತ್ತಿನ ಕಂತಿನಲ್ಲಿ ಕೆಲವೇ ಸಾವಿರ ಪೆಟ್ಟಿಗೆಗಳು ಹೋಗುವಾಗ ಪೆಟ್ಟಿಗೆಯ ಚಿತ್ರ, ಪರವಾನಗಿ, ಹಡಗಿನ ಬಾಡಿಗೆ ಎಲ್ಲವೂ ಆ ಕೆಲವೇ ಸಾವಿರದ ಮೇಲೆ ಬೀಳುತ್ತವೆ. ಬಹುಪಾಲು ಕಿಟ್‌ಗಳು ಚೀನಾದಲ್ಲಿ ಒತ್ತಾಗುತ್ತಿದ್ದುದರಿಂದ 2025ರಲ್ಲಿ ಅಮೆರಿಕ ಹೇರಿದ ಆಮದು ಸುಂಕಗಳೂ ಬೆಲೆಯನ್ನು ತಟ್ಟಿದವು. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕದ ವಿನಾಯಿತಿ ರದ್ದಾದ ಮೇಲೆ ಜಪಾನಿನ ಅಂಗಡಿಗಳಿಂದ ನೇರವಾಗಿ ತರಿಸಿಕೊಳ್ಳುವ ಅನುಕೂಲವೂ ಕುಗ್ಗಿತು.

ಹಳೆಪೆಟ್ಟಿಗೆ, ಬೆಂಗಳೂರು

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ ಉಳಿದಿದೆ. ಅಚ್ಚು ಕೊರೆಯುವ ಕುಶಲತೆ ಪೀಣ್ಯದಲ್ಲೇ ಇದೆ ಎಂದಾದರೆ, ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಕಿಟ್ಟನ್ನು ನಾವೇ ಏಕೆ ಮಾಡಬಾರದು? ಆಮದಿನ ಕಿಟ್‌ಗಳ ಮೇಲೆ ಇಷ್ಟೊಂದು ತೆರಿಗೆ ಇರುವಾಗ ಇಲ್ಲಿ ತಯಾರಿಸುವವರಿಗೆ ಅನುಕೂಲವೇ ಆಗಬೇಕಲ್ಲವೇ?

ಉತ್ತರ 5: ತೆರಿಗೆಲೆಕ್ಕ, ಮಂಗಳೂರು

ಸುಂಕದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಆಟಿಕೆಗಳು ಮತ್ತು ಅಳತೆಗಿಳಿಸಿದ ಮಾದರಿಗಳು ಸುಂಕದ ಪಟ್ಟಿಯಲ್ಲಿ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಈ ಶೀರ್ಷಿಕೆಯ ಮೂಲ ಸುಂಕವನ್ನು 2020ರ ಬಜೆಟ್ 20 ಪ್ರತಿಶತದಿಂದ 60 ಪ್ರತಿಶತಕ್ಕೂ, 2023ರ ಬಜೆಟ್ 70 ಪ್ರತಿಶತಕ್ಕೂ ಏರಿಸಿದವು. ಇದರ ಜೊತೆಗೆ 2021ರ ಜನವರಿ 1ರಿಂದ, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಪೆಟ್ಟಿಗೆಯ ಮೇಲೆ ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಎಂದು ಮುದ್ರಿಸಿರುವ ಕಿಟ್ ಆಟಿಕೆ ಹೌದೇ, ಅಲ್ಲವೇ ಎಂಬ ವಾದ ಬಂದರಿನಲ್ಲಿ ಶುರುವಾದರೆ ಸರಕು ಅಲ್ಲೇ ಕೂರುತ್ತದೆ, ಆ ಕಾಯುವಿಕೆಯ ಖರ್ಚು ಕೊನೆಗೆ ಗ್ರಾಹಕನ ತಲೆಗೇ ಬರುತ್ತದೆ.

ಉತ್ತರ 6: ಅಚ್ಚುಮನೆ, ಪೀಣ್ಯ

ಕುಶಲತೆ ಇದೆಯೇ ಎಂದರೆ ಖಂಡಿತ ಇದೆ. ಬೆಂಗಳೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಕಲಿತವರು ಕಾರಿನ ದೀಪದಿಂದ ಹಿಡಿದು ವೈದ್ಯಕೀಯ ಉಪಕರಣದವರೆಗೆ ಎಲ್ಲಕ್ಕೂ ಅಚ್ಚು ಕೊರೆಯುತ್ತಿದ್ದಾರೆ, ಕೊಪ್ಪಳದ ಬಳಿಯ ಆಟಿಕೆ ಕ್ಲಸ್ಟರಿನಲ್ಲಿ ವಿದೇಶಿ ಬ್ರ್ಯಾಂಡ್‌ಗಳಿಗಾಗಿ ಪ್ಲಾಸ್ಟಿಕ್ ಆಟಿಕೆಗಳು ತಯಾರಾಗುತ್ತಿವೆ. ತೊಡಕಿರುವುದು ಲೆಕ್ಕದಲ್ಲಿ. ಅಚ್ಚುಗಳಿಗೆ ಒಂದು ಕೋಟಿ ರೂಪಾಯಿ ಖರ್ಚಾಯಿತು ಎಂದು ಇಟ್ಟುಕೊಳ್ಳೋಣ. ಐದು ಸಾವಿರ ಕಿಟ್ ಮಾರಿದರೆ ಪ್ರತಿ ಪೆಟ್ಟಿಗೆಯ ಮೇಲೆ ಅಚ್ಚಿನ ಹೊರೆಯೇ ಎರಡು ಸಾವಿರ ರೂಪಾಯಿ; ಪ್ಲಾಸ್ಟಿಕ್, ಗಾಜಿನಂಥ ಭಾಗಗಳು, ಕ್ರೋಮ್ ಲೇಪನ, ಡೆಕಾಲ್, ಪೆಟ್ಟಿಗೆ, ಪರವಾನಗಿ, ಅಂಗಡಿಯವನ ಲಾಭ ಇವೆಲ್ಲ ಅದರ ಮೇಲೆ. ಐವತ್ತು ಸಾವಿರ ಮಾರಿದರೆ ಆ ಹೊರೆ ಇನ್ನೂರು ರೂಪಾಯಿಗೆ ಇಳಿಯುತ್ತದೆ. ಕಿಟ್ ಕಟ್ಟುವ ಐವತ್ತು ಸಾವಿರ ಮಂದಿ ನಮ್ಮಲ್ಲಿ ಸಿಗುತ್ತಾರೆಂದು ಬ್ಯಾಂಕಿನವರನ್ನು ಒಪ್ಪಿಸುವ ಧೈರ್ಯ ನನಗಂತೂ ಇಲ್ಲ. ಸುಂಕದಿಂದ ಆಮದು ಕುಗ್ಗಿದರೆ ಹವ್ಯಾಸಿಗಳ ಸಂಖ್ಯೆಯೂ ಕುಗ್ಗುತ್ತದೆ ಎಂಬುದು ಈ ಲೆಕ್ಕದ ಇನ್ನೊಂದು ಮಗ್ಗುಲು: ಬಣ್ಣ, ಅಂಟು, ಕಿಟ್ ಯಾವುದೂ ಸುಲಭವಾಗಿ ಸಿಗದ ಊರಿನಲ್ಲಿ ಹೊಸ ಕೊಳ್ಳುಗ ಹುಟ್ಟುವುದಿಲ್ಲ.

ಅಂಬಾಸಡರಿಗೆ ಸದ್ಯ ತೆರೆದಿರುವ ದಾರಿ ತ್ರೀಡಿ ಮುದ್ರಣ. ಮೇಜಿನ ಮೇಲಿಡುವ ರೆಸಿನ್ ಮುದ್ರಕಗಳು ಈಗ ಪದರದ ಗೆರೆ ಮೇಲ್ನೋಟಕ್ಕೆ ಕಾಣದಷ್ಟು ಸೂಕ್ಷ್ಮವಾಗಿ ಮುದ್ರಿಸುತ್ತವೆ. ಅಮೆರಿಕ ಮತ್ತು ಯೂರೋಪಿನಲ್ಲಿ ದೊಡ್ಡ ಕಂಪನಿಗಳು ಕೈಹಾಕದ ಕಾರುಗಳ ಮೈ, ಇಂಜಿನ್, ಚಕ್ರಗಳನ್ನು ಒಬ್ಬಿಬ್ಬರೇ ವಿನ್ಯಾಸಗೊಳಿಸಿ ಕಡತವಾಗಿಯೋ ಮುದ್ರಿತ ಭಾಗವಾಗಿಯೋ ಮಾರುತ್ತಿದ್ದಾರೆ. ಅಚ್ಚೇ ಇಲ್ಲದ್ದರಿಂದ ಹತ್ತು ಮಾಡಿದರೂ ನೂರು ಮಾಡಿದರೂ ಒಂದರ ಖರ್ಚು ಹೆಚ್ಚುಕಡಿಮೆ ಅಷ್ಟೇ. ಅದರ ಮಿತಿಯೂ ಅಲ್ಲೇ ಇದೆ, ಏಕೆಂದರೆ ಒಂದು ಮೈ ಮುದ್ರಣವಾಗಲು ಹಲವು ಗಂಟೆ ಹಿಡಿಯುತ್ತದೆ, ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬುವ ಇಂಜೆಕ್ಷನ್ ಯಂತ್ರ ನಿಮಿಷದೊಳಗೆ ಒಂದನ್ನು ಉದುರಿಸುತ್ತದೆ. ರೆಸಿನ್ ಗಡುಸು, ಬಿದ್ದರೆ ಒಡೆಯುತ್ತದೆ, ಕಿಟ್‌ಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಬಳಸುವ ಅಂಟು ಅದಕ್ಕೆ ಹಿಡಿಯುವುದಿಲ್ಲ. ಹಸಿ ರೆಸಿನ್ ಮೈಗೆ ತಾಗಬಾರದು, ಕೈಗವಸು ಬೇಕೇ ಬೇಕು.

ನೀವು ಗಂಭೀರವಾಗಿ ಯೋಚಿಸುತ್ತಿದ್ದರೆ ಇಡೀ ಅಂಬಾಸಡರ್ ಬೇಡ, ಮೈಯನ್ನು ಮಾತ್ರ 1:24 ಅಳತೆಯಲ್ಲಿ ವಿನ್ಯಾಸಗೊಳಿಸಿ. ಅದರ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಆದ್ದರಿಂದ ಅಳತೆಗಳಿಗೆ ಹಳೆಯ ಕೈಪಿಡಿಗಳೂ ನೆರವಾಗುತ್ತವೆ. ಇನ್ನೂ ಉಳಿದಿರುವ ಒಂದು ಒಳ್ಳೆಯ ಕಾರನ್ನು ಟೇಪು ಹಿಡಿದು ಅಳೆದು ತಾಳೆ ನೋಡಿ. ಚಾಸಿ, ಟೈರು, ಸ್ಟೀರಿಂಗನ್ನು ಸಿಗುವ ಯಾವುದಾದರೂ ಕಿಟ್ಟಿನಿಂದ ಎರವಲು ಪಡೆಯಬಹುದು. ಮಾರುವ ಉದ್ದೇಶವಿದ್ದರೆ ಮೊದಲು ಹೆಸರಿನ ಹಕ್ಕು ಯಾರದ್ದೆಂದು ವಕೀಲರಲ್ಲಿ ವಿಚಾರಿಸಿ, ಆಮೇಲೆ ಬಾನೆಟ್ಟಿನ ಮೇಲೆ ಅಕ್ಷರ ಕೆತ್ತಿ.